ಒಂಟಿ ಹಳಿಯ ಮೆಟ್ಟಿಲು

ನಾಯಿ ಸಾಕಿದವರೆಲ್ಲ ಒಂದೇ ಶಾಲೆಯಲ್ಲಿ ಓದಿದವರಿರಬೇಕು. ಆ ಶಾಲೆಯಲ್ಲಿ ಒಂದೇ ಪಾಠ, ಎರಡೇ ಪದ: "ಏನೂ ಮಾಡಲ್ಲ." ನಾಯಿ ತನ್ನ ಮುಂಗಾಲೆರಡನ್ನೂ ನಿಮ್ಮ ಎದೆಯ ಮೇಲಿಟ್ಟು, ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಮೂಸಿ, ನಲವತ್ತೆರಡು ಹಲ್ಲನ್ನೂ ತೋರಿಸುತ್ತಿದ್ದರೂ ಹಗ್ಗದ ಆ ತುದಿಯಲ್ಲಿರುವವರು ನಗುನಗುತ್ತಾ ಪಾಠ ಒಪ್ಪಿಸುತ್ತಾರೆ, "ಏನೂ ಮಾಡಲ್ಲ." ಏನೂ ಮಾಡದವರು ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ, ಅವರಿಗೆ ಯಾರೂ ಬೆನ್ನು ಸವರಿ ಬಿಸ್ಕತ್ತು ಕೊಡುವುದಿಲ್ಲ ಎಂದು ನನ್ನ ಹೆಂಡತಿ ನನ್ನನ್ನೇ ನೋಡುತ್ತಾ ಹೇಳಿದ್ದುಂಟು.

ನಾಯಿಗೆ ನಲವತ್ತೆರಡು ಹಲ್ಲು ಎನ್ನುವುದು ನನಗೆ ಬಾಯಿಪಾಠ. ನನ್ನ ಕಸುಬೇ ಹಲ್ಲು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ನಮ್ಮ ಲ್ಯಾಬಿಗೆ ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸ್ಸು ಕಳಿಸುತ್ತೇನೆ. "ದಿನಾ ಬೆಳಗಾದ್ರೆ ಹಲ್ಲಿನ ರಾಶಿ ಮಧ್ಯೆ ಕೂತಿರ್ತೀಯ, ನಿನಗ್ಯಾಕೋ ನಾಯಿ ಭಯ?" ಎಂದು ಕೇಳದವರಿಲ್ಲ. ಕೋರೆಹಲ್ಲಿಗೆ ಬೇರು ಎಷ್ಟುದ್ದ, ಅದು ಯಾವ ಕೋನದಲ್ಲಿ ಇಳಿದರೆ ಯಾವುದನ್ನು ಹರಿಯುತ್ತದೆ ಎಂದು ನನಗೆ ಗೊತ್ತು. ಗೊತ್ತಿರುವುದೇ ತೊಂದರೆ.

ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಇರುವುದು ಒಂದೇ ಮೆಟ್ಟಿಲು, ಅದೂ ಎಂಥದ್ದೆಂದರೆ ಬೀರು ಹತ್ತಿಸಿದರೆ ಗೋಡೆಯ ಸುಣ್ಣ ಇಳಿಯುತ್ತದೆ. ನಾವು ಎರಡನೇ ಮಹಡಿ. ನಾಲ್ಕು ತಿಂಗಳ ಹಿಂದೆ ಮೂರನೇ ಮಹಡಿಗೆ ಕನ್ನಡಕದಂಗಡಿಯ ಮೇಡಂ ಬಂದರು, ಜೊತೆಗೆ ಕರುವಿನಷ್ಟು ಎತ್ತರದ ಕಂದು ನಾಯಿಯೊಂದನ್ನು ತಂದರು. ಅದರ ಹೆಸರು ಬಟಾಣಿ. ಇಟ್ಟ ಹೆಸರಿನಲ್ಲೇ ಮೋಸ. ಮೇಲಾಗಿ ಬಟಾಣಿ ಬೊಗಳುವುದೇ ಇಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯ ಆಸರೆಯೂ ನನಗಿಲ್ಲವಾಯಿತು.

ಮೇಡಂ ಕೆಟ್ಟವರಲ್ಲ. ಕಣ್ಣಿನ ವ್ಯಾಪಾರವಾದ್ದರಿಂದ ಪ್ರತಿ ಮಾತೂ 'ನೋಡಿ' ಎಂದೇ ಶುರು. "ನೋಡಿ, ಅವನು ಮೂಸ್ತಾನೆ ಅಷ್ಟೆ." "ನೋಡಿ, ನೀವು ಹೆದರಿದ್ರೆ ಅವನಿಗೆ ಗೊತ್ತಾಗತ್ತೆ." ಗೊತ್ತಾಗಲಿ ಎಂದೇ ಅಲ್ಲವೇ ನಾನು ಅಷ್ಟು ಜೋರಾಗಿ ಹೆದರುವುದು! ಮೆಟ್ಟಿಲ ತಿರುವಿನಲ್ಲಿ ಆ ಕಂದು ಮೂತಿ ಕಂಡ ಕೂಡಲೇ ನಾನು ಗೋಡೆಗೆ ಕ್ಯಾಲೆಂಡರಿನಂತೆ ಅಂಟಿಕೊಂಡು, ಬಲಗೈ ಮೇಲೆತ್ತಿ, ಎರಡು ಸಲ ಕೆಮ್ಮಿ, "ಹಿಡ್ಕೊಂಡಿದ್ದೀರಾ ತಾನೇ? ಗಟ್ಟಿಯಾಗಿ? ಎರಡೂ ಕೈಲಿ?" ಎಂದು ಕೇಳುತ್ತಿದ್ದೆ.

ಅನುಕರಣೆ ನನ್ನ ಹಳೆಯ ಚಟ. ಊಟಕ್ಕೆ ಕೂತಾಗ ಮೇಡಂ ಹಾಗೆ ಕನ್ನಡಕ ಸರಿಮಾಡಿಕೊಂಡು "ನೋಡೀ" ಎಂದು ರಾಗ ಎಳೆದರೆ ಆರು ವರ್ಷದ ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಅವಳು ಪುಸ್ತಕಗಳನ್ನು ಒಂದರ ಮೇಲೊಂದಿಟ್ಟು ಮೆಟ್ಟಿಲು ಮಾಡಿ ಬೊಂಬೆಯಾಟ ಆಡುತ್ತಿದ್ದಳು. ಮೇಲಿನಿಂದ ಬಟ್ಟೆಯ ಕರಡಿ ಇಳಿದು ಬಂತು. ಕೆಳಗಿದ್ದ ಗೊಂಬೆ ಗೋಡೆಗೆ ಒರಗಿ, ಬಲಗೈ ಮೇಲೆತ್ತಿ, ಎರಡು ಸಲ ಕೆಮ್ಮಿ ಕೇಳಿತು: "ಹಿಡ್ಕೊಂಡಿದ್ದೀರಾ ತಾನೇ? ಗಟ್ಟಿಯಾಗಿ? ಎರಡೂ ಕೈಲಿ?"

ಕೆಮ್ಮು ಸಮೇತ ನಾನೇ. ಊರನ್ನೆಲ್ಲ ಅಣಕಿಸುವವನಿಗೆ ಮನೆಯಲ್ಲೇ ಒಬ್ಬ ಶಿಷ್ಯೆ ತಯಾರಾಗಿದ್ದಳು. ನಗು ಬರಲಿಲ್ಲ. ಮರುದಿನ ಶಾಲೆಗೆ ಹೊರಟಾಗ ಅವಳು ಬಾಗಿಲಲ್ಲೇ ನಿಂತು, "ಅಮ್ಮ, ನಾಯಿ ಇದ್ಯಾ ನೋಡು, ಆಮೇಲೆ ಬರ್ತೀನಿ" ಎಂದಳು. ಹೋದ ವಾರದವರೆಗೆ ಮೆಟ್ಟಿಲ ಕಟಕಟೆಯ ಮೇಲೆ ಜಾರಿಕೊಂಡು ಇಳಿಯುತ್ತಿದ್ದ ಹುಡುಗಿ!

ಹೆಂಡತಿ ಅವಳನ್ನು ಬಿಟ್ಟು ಬಂದವಳೇ ಚೀಲ ಮೇಜಿನ ಮೇಲಿಟ್ಟಳು. "ರೀ, ಮಗಳಿಗೆ ನಿಮ್ಮ ಮೂಗು ಬಂತು, ಸುಮ್ನಿದ್ದೆ. ನಿಮ್ಮ ಗೊರಕೆ ಬಂತು, ಆಗ್ಲೂ ಸುಮ್ನಿದ್ದೆ. ಈ ಹೆದರಿಕೆನೂ ನಿಮ್ಮದೇ ಬಂದ್ರೆ ಮಾತ್ರ ನಾನು ಸುಮ್ನಿರಲ್ಲ."

"ನಾನೇನು ಮಾಡ್ಲೇ? ನಾಯಿಗೆ ಹೇಳು."

"ನಾಯಿಗೆ ಹೇಳಿದ್ರೆ ಅರ್ಥ ಆಗತ್ತೆ. ಅದಕ್ಕೇ ನಿಮಗೆ ಹೇಳ್ತಿರೋದು."

ಹೀಗೆ ನಾನು ನೆಲಮಹಡಿಯ ಸ್ಟೇಷನ್ ಮಾಸ್ಟರ ಬಾಗಿಲು ತಟ್ಟಿದೆ. ಮಗಳ ಕಣ್ಣಿಗೆ ನಾಯಿ ಬೀಳದಿದ್ದರೆ ಭಯವೂ ಬೆಳೆಯುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಮಾಸ್ಟರು ಮೂವತ್ತಾರು ವರ್ಷ ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಈಗ ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ. ನಿವೃತ್ತಿಯಾದದ್ದು ಅವರು, ಅವರ ಗಂಟಲಲ್ಲ. ನೀರಿನ ಟ್ಯಾಂಕ್ ತೊಳೆಯುವುದಿದ್ದರೂ ಮೂಗಿನಲ್ಲಿ ಘೋಷಿಸುತ್ತಾರೆ, "ನಿವಾಸಿಗಳು ದಯವಿಟ್ಟು ಗಮನಿಸಿ…"

ಅವರು ನನ್ನ ದೂರು ಕೇಳಿ ಕಣ್ಣು ಮುಚ್ಚಿದರು. ತೆರೆದಾಗ ಕಣ್ಣಲ್ಲಿ ಹಸಿರು ದೀಪ.

"ಅಯ್ಯೋ, ಇದು ಸಿಂಗಲ್ ಲೈನ್ ಸಮಸ್ಯೆ ಕಣಯ್ಯಾ! ಒಂದೇ ಹಳಿ, ಎದುರುಬದುರು ಎರಡು ಗಾಡಿ. ಡಿಕ್ಕಿ ಆಗಬಾರದು ಅಂದ್ರೆ ಏನು ಮಾಡ್ತಿದ್ವಿ? ಟೋಕನ್! ಟೋಕನ್ ಯಾವ ಡ್ರೈವರ್ ಕೈಲಿದ್ಯೋ ಅವನ ಗಾಡಿ ಮಾತ್ರ ಹಳಿ ಮೇಲೆ. ಇಲ್ಲದವನು ನಿಂತಲ್ಲೇ ನಿಲ್ಲಬೇಕು, ಮದುವೆ ಗಾಡಿ ಆದ್ರೂ ಸರಿ, ಹೆಣದ ಗಾಡಿ ಆದ್ರೂ ಸರಿ."

ಮೂರನೇ ದಿನ ಪರದೆ ಕಂಬಿಯ ಹಿತ್ತಾಳೆ ಉಂಗುರವೊಂದು ಟೋಕನ್ ಆಯಿತು. ಬಳೆಯಷ್ಟು ಅಗಲದ್ದು. ಕೆಳಗೆ ಮುಖ್ಯ ಬಾಗಿಲ ಪಕ್ಕ ಒಂದು ಕೊಕ್ಕೆ, ಎರಡನೇ ಮಹಡಿಯಲ್ಲಿ ನಮ್ಮ ಬಾಗಿಲೆದುರು ಇನ್ನೊಂದು. ನಾಯಿ ಮೆಟ್ಟಿಲಿಳಿಯುವ ಮುಂಚೆ ಮೇಡಂ ಉಂಗುರ ತೆಗೆದುಕೊಂಡಿರಬೇಕು. ನಮ್ಮ ಮನೆಯವರು ಹತ್ತಿ ಇಳಿಯುವಾಗಲೂ ಉಂಗುರ ಹಿಡಿದಿರಬೇಕು. ತಲುಪಿದ ಮೇಲೆ ಅಲ್ಲಿನ ಕೊಕ್ಕೆಗೆ ಹಾಕಬೇಕು. ಉಂಗುರವಿಲ್ಲದೆ ನಾಯಿಯೂ ಇಲ್ಲ, ನಾನೂ ಇಲ್ಲ. ಮಾಸ್ಟರು ಒಂದು ಹಾಳೆಯಲ್ಲಿ ಹದಿನಾಲ್ಕು ನಿಯಮ ಬರೆದು ನಮ್ಮಿಬ್ಬರ ಸಹಿ ಹಾಕಿಸಿಕೊಂಡರು. "ನೋಡಿ, ನಾಯಿಗೆ ನಾನು ಹೇಳಿದ್ರೆ ಸಾಕಿತ್ತು, ನೀವು ಹಾಳೆಗೆ ಹೇಳಿದ್ದೀರಿ" ಎನ್ನುತ್ತಲೇ ಮೇಡಂ ಸಹಿ ಮಾಡಿದರು.

ಆಮೇಲೆ ಶುರುವಾಯಿತು ನಮ್ಮ ನಾಯಿಪಾಡು. ನಾವು ಮೇಲಿದ್ದರೆ ಉಂಗುರ ಕೆಳಗೆ, ನಾವು ಕೆಳಗಿದ್ದರೆ ಉಂಗುರ ಮೇಲೆ. ಕೂಗಬೇಕು, ಮಾಸ್ಟರು ಮಂಡಿ ಹಿಡಿದುಕೊಂಡು ಉಂಗುರ ತಲುಪಿಸಬೇಕು, ತಲುಪಿಸುವಾಗ "ದಯವಿಟ್ಟು ಗಮನಿಸಿ" ಆಗಬೇಕು. ತರಕಾರಿ ಚೀಲ ಹಿಡಿದು ಹೆಂಡತಿ ಹತ್ತು ನಿಮಿಷ ಬಾಗಿಲಲ್ಲಿ ನಿಂತಳು. ಮೇಡಂ ಉಂಗುರಕ್ಕಾಗಿ ನಾಯಿ ಬಿಟ್ಟು ಕೆಳಗಿಳಿದು, ಉಂಗುರ ಹಿಡಿದು ಮೇಲೆ ಹತ್ತಿ, ನಾಯಿ ಹಿಡಿದು ಮತ್ತೆ ಕೆಳಗಿಳಿದರು. "ನೋಡಿ, ನಾಯಿಗಿಂತ ನನಗೇ ಜಾಸ್ತಿ ವಾಕಿಂಗ್ ಆಗ್ತಿದೆ!" ಒಂದನೇ ಮಹಡಿಯ ದರ್ಜಿ ಬಾಗಿಲು ತೆರೆದು, "ಏನ್ರೀ ಇದು, ಮನೇನಾ ಜಂಕ್ಷನ್ನಾ?" ಎಂದು ಬಾಗಿಲು ಹಾಕಿಕೊಂಡ.

ನನಗೆ ಮಾತ್ರ ಪರಮಸುಖ. ಮೂರು ವಾರ ಮೂತಿ ಕಾಣಲಿಲ್ಲ. ಆದರೆ ಮಗಳು? ಅವಳು ಉಂಗುರವನ್ನು ನನಗಿಂತ ಹೆಚ್ಚು ನಂಬಿಬಿಟ್ಟಳು. ಅದು ಕೈಯಲ್ಲಿಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲ. ನಾಯಿ ಮೇಡಂ ಜೊತೆ ಅಂಗಡಿಗೆ ಹೋಗಿದ್ದರೂ, ತಾನು ಶಾಲೆಯ ದಾರಿಯಲ್ಲಿದ್ದರೂ, "ಉಂಗುರ ಎಲ್ಲಿ?" ಎಂದು ನಿಲ್ಲುತ್ತಿದ್ದಳು. ಭಯ ಕಡಿಮೆಯಾಗಿರಲಿಲ್ಲ. ಅದಕ್ಕೊಂದು ಆಟಿಕೆ ಸಿಕ್ಕಿತ್ತು ಅಷ್ಟೆ.

ಒಂದು ಗುರುವಾರ ಬೆಳಿಗ್ಗೆ, ಹೆಂಡತಿ ಮಗಳನ್ನು ಶಾಲೆಗೆ ಬಿಟ್ಟು ಬಂದ ಮೇಲೆ, ಲ್ಯಾಬಿನ ಮಾಲೀಕರ ಫೋನು. ಯಾರೋ ಅಜ್ಜನ ಮೊಮ್ಮಗಳ ಮದುವೆಯಂತೆ, ಫೋಟೋಗೆ ಮುಂಚೆ ಹಲ್ಲು ಬೇಕಂತೆ. "ಹಲ್ಲು ತಡ ಆದ್ರೆ ಫೋಟೋದಲ್ಲಿ ಅಜ್ಜ ನಗಲ್ಲ, ಇಲ್ಲಿ ನಾನೂ ನಗಲ್ಲ." ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮನೆಯಲ್ಲಿ ಕೂತು ಹೊಂದಿಸಿದ್ದ ಮೇಣದ ದವಡೆಯ ಡಬ್ಬಿ. ಉಂಗುರ ಹಿಡಿಯಲು ಮೂರನೆಯ ಕೈ ಇಲ್ಲದ್ದರಿಂದ ಮಣಿಕಟ್ಟಿಗೇ ಸಿಕ್ಕಿಸಿಕೊಂಡು ಇಳಿದೆ. ಬಸ್ಸು ಎದುರಿಗೇ ಇತ್ತು, ಹತ್ತಿಬಿಟ್ಟೆ.

ಲ್ಯಾಬಿನಲ್ಲಿ ಪ್ಲಾಸ್ಟರ್ ಕಲಸಲು ತೋಳು ಮಡಿಸಿದಾಗ ಪಕ್ಕದ ಮೇಜಿನವನು ನಕ್ಕ. "ಏನಪ್ಪಾ, ಕೊನೆಗೂ ಕೈಗೆ ಬಳೆ ತೊಟ್ಕೊಂಡ್ಯಾ?"

ನೋಡಿದರೆ ಉಂಗುರ! ಆಗಲೇ ಫೋನು ಮಾಡಬಹುದಿತ್ತು. ಮಾಡಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಒಂದು ಕೆಟ್ಟ ಖುಷಿ. ಉಂಗುರ ನನ್ನ ಹತ್ತಿರ ಇದ್ದರೆ ನಾಯಿ ಇಡೀ ದಿನ ಮೆಟ್ಟಿಲಿಗೆ ಕಾಲಿಡುವಂತಿಲ್ಲ. ಬೆಳಿಗ್ಗೆ ಆರಕ್ಕೆ ಒಂದು ಸುತ್ತು ಆಗಿರುತ್ತದೆ, ಮಧ್ಯಾಹ್ನದ ಸುತ್ತು ಒಂದು ದಿನ ತಪ್ಪಿದರೆ ಆಕಾಶವೇನೂ ಬೀಳುವುದಿಲ್ಲ. ಹೀಗೆಂದುಕೊಂಡು ಅಜ್ಜನ ಒಸಡಿಗೆ ಗುಲಾಬಿ ಬಣ್ಣ ಹಚ್ಚಿದೆ. ಶಾಲೆ ಬಿಟ್ಟು ಬರುವ ನನ್ನ ಮಗಳಿಗೂ ಅದೇ ಉಂಗುರ ಬೇಕು ಎನ್ನುವುದು, ಹಲ್ಲಿನಾಣೆಗೂ, ನೆನಪಿಗೆ ಬರಲಿಲ್ಲ.

ಅಜ್ಜನ ಹಲ್ಲು ಬೇಯುತ್ತಿರುವಾಗ, ಹನ್ನೆರಡು ಮುಕ್ಕಾಲಿಗೆ ಫೋನು. "ರೀ, ಉಂಗುರ ನಿಮ್ಮತ್ರ ಇದ್ಯಾ?" ಹೆಂಡತಿಯ ದನಿ ತಣ್ಣಗಿತ್ತು, ಅಂದರೆ ಅನಾಹುತ. ಹಿಂದೆ ಮಾಸ್ಟರ ಮೂಗಿನ ದನಿ, "ಟೋಕನ್ ಕಾಣೆ, ಸೆಕ್ಷನ್ ಬಂದ್!" ಅದರಾಚೆ ಎಲ್ಲೋ ಮೇಲಿನಿಂದ, "ನೋಡೀ, ಇವನಿಗೆ ತಡ್ಕೊಳ್ಳಕ್ಕಾಗ್ತಿಲ್ಲಾ!" ಮತ್ತೆ ತೀರ ಹತ್ತಿರದಲ್ಲಿ ಮಗಳ ಅಳು.

"ಇದೆ" ಎಂದೆ.

"ಬನ್ನಿ" ಎಂದಳು. ಫೋನಿಟ್ಟಳು.

ಬೇಯುತ್ತಿದ್ದ ಅಜ್ಜನನ್ನು ಪಕ್ಕದ ಮೇಜಿನವನಿಗೆ ಒಪ್ಪಿಸಿ ಓಡಿದೆ. ಏದುಸಿರು ಬಿಡುತ್ತ ಬಾಗಿಲಿಗೆ ಬಂದಾಗ ನೋಡಿದ್ದಿಷ್ಟು: ಮಾಸ್ಟರು ಮೊದಲ ಮೆಟ್ಟಿಲ ಮೇಲೆ ಎರಡೂ ಕೈ ಚಾಚಿ ರೈಲ್ವೆ ಗೇಟಿನಂತೆ ನಿಂತಿದ್ದಾರೆ. ಮಗಳು ಶಾಲೆಯ ಚೀಲ ಬೆನ್ನಲ್ಲೇ ಇಟ್ಟುಕೊಂಡು, ಕಾಲಿಗೆ ಕಾಲು ಹೆಣೆದು, ಒಂದೇ ಕಡೆ ಕುಣಿಯುತ್ತಿದ್ದಾಳೆ. ಮೂರನೇ ಮಹಡಿಯ ಕಟಕಟೆಯಿಂದ ಮೇಡಂ ತಲೆ ಹೊರಗೆ. ಅದರ ಪಕ್ಕ ಕಂದು ಮೂತಿ, ಕುಯ್ ಕುಯ್ ಎಂದು ಸಣ್ಣಗೆ ರಾಗ. ಅದರ ಗಂಟಲಿಂದ ದನಿ ಬಂದದ್ದು ನಾನು ಕೇಳಿದ್ದು ಅದೇ ಮೊದಲು.

"ಇವಳಿಗೆ ಅರ್ಜೆಂಟ್ ಒಂದಕ್ಕೆ" ಎಂದಳು ಹೆಂಡತಿ. "ಮಾಸ್ಟರ್ ತಾತನ ಮನೇಲಿ ಹೋಗು ಅಂದ್ರೆ ಬೇಡ, ನಮ್ಮನೇದೇ ಬೇಕಂತೆ. ಬಾ, ನಾನಿದ್ದೀನಿ, ಎತ್ಕೊಂಡು ಹತ್ತಿಸ್ತೀನಿ ಅಂದ್ರೆ ಕಿರುಚ್ತಾಳೆ."

"ಉಂಗುರ ಇಲ್ಲ ಅಂದ್ರೆ ನಾಯಿ ಮೆಟ್ಲಲ್ಲಿದೆ!" ಮಗಳು ಅಳುತ್ತಲೇ ನಿಯಮ ಹೇಳಿದಳು. "ಅಪ್ಪ ಹೇಳಿದ್ದಾರೆ!"

ಹೆಂಡತಿ ನನ್ನ ಕಡೆ ನೋಡಿದಳು. ಆ ನೋಟಕ್ಕೆ ಮೇಡಂ ಅಂಗಡಿಯಲ್ಲೂ ಗ್ಲಾಸು ಸಿಗಲಿಕ್ಕಿಲ್ಲ.

"ಮಾಸ್ಟ್ರೇ, ಮೇಲಿನ ಅಕ್ಕ ನಾಯೀನ ಒಳಗೆ ಕರ್ಕೊಂಡು ಹೋಗ್ಲಿ, ನಾವು ಹತ್ತಿಬಿಡ್ತೀವಿ ಅಂತ ಅರ್ಧ ಗಂಟೆಯಿಂದ ಬಡ್ಕೋತಿದ್ದೀನಿ!"

"ಬಾಯಿಮಾತಲ್ಲಿ ಗಾಡಿ ಬಿಡಲ್ಲಮ್ಮ" ಎಂದರು ಮಾಸ್ಟರು. "ಮೂವತ್ತಾರು ವರ್ಷ ಬಿಟ್ಟಿಲ್ಲ."

"ನೋಡಿ, ಒಳಗೆ ಹೋಗಕ್ಕೆ ಇವನು ಒಪ್ಪಬೇಕಲ್ಲ! ಮೂರು ಸಲ ಬಾಗಿಲವರೆಗೆ ಎಳ್ಕೊಂಡು ಹೋದೆ. ಇನ್ನೊಂದು ನಿಮಿಷ ಆದ್ರೆ ಇಲ್ಲೇ ಮಾಡ್ತಾನೆ, ಆಮೇಲೆ ಏನೂ ಮಾಡಲ್ಲ ಅಂತ ನಾನು ಹೇಳಲ್ಲ!"

ನಾನು ಕೈಯಿಂದ ಉಂಗುರ ಕಿತ್ತು ಕೊಟ್ಟೆ. ಮಾಸ್ಟರು ಅದನ್ನು ಬೆಳಕಿಗೆ ಹಿಡಿದರು. ಪ್ಲಾಸ್ಟರಿನ ಕಲೆಯನ್ನು ಉಗುರಿನಿಂದ ಕೆರೆದರು. "ಟೋಕನ್ ದೊರಕಿದೆ" ಎಂದು ಘೋಷಿಸಿದರು. ಮೇಲಿನಿಂದ ಮೇಡಂ, ಪಕ್ಕದಿಂದ ಹೆಂಡತಿ ಒಟ್ಟಿಗೆ, "ಕೊಡೀ!" ಎಂದರು.

"ತಡೀರಿ. ಯಾವ ಗಾಡಿ ಮೊದಲು? ಮೇಲಿಂದ ಇಳಿಯೋದಾ, ಕೆಳಗಿಂದ ಹತ್ತೋದಾ? ಇಳಿಜಾರಿನ ಗಾಡಿಗೆ ಬ್ರೇಕ್ ಕಷ್ಟ, ಅದಕ್ಕೆ ಮೊದಲು ಬಿಡಬೇಕು. ಆದ್ರೆ ಪ್ಯಾಸೆಂಜರ್ ಗಾಡಿಗೆ…" ಎನ್ನುತ್ತಾ ಜೇಬಿನಿಂದ ಹದಿನಾಲ್ಕು ನಿಯಮದ ಹಾಳೆ ತೆಗೆದು, ಕನ್ನಡಕ ಹುಡುಕಿದರು. ಕನ್ನಡಕ ಒಳಗಿತ್ತು. ತರಲು ಹೊರಟರು.

ಗೇಟು ತೆರೆಯಿತು. ಮಗಳು ಕಾಣದಾದಳು.

ಶಾಲೆಯ ಚೀಲ ಮೊದಲ ತಿರುವಿನಲ್ಲಿ ಕುಣಿಯಿತು. ಅದೇ ಹೊತ್ತಿಗೆ ಮೇಲಿನಿಂದ "ಅಯ್ಯೋ, ಹಗ್ಗ!" ಎಂದು ಮೇಡಂ ಕೂಗು, ಮತ್ತು ಮೆಟ್ಟಿಲ ಮೇಲೆ ಉಗುರುಗಳ ಟಕಟಕ. ಒಂದೇ ಹಳಿಯಲ್ಲಿ ಎರಡು ಗಾಡಿ. ಹಿಂದೆ ಓಡಬೇಕಾದವನು ನಾನು. ಅಪ್ಪ ನಾನು. ನನ್ನ ಕಾಲು ಅಲ್ಲಾಡಲಿಲ್ಲ. ಬೆನ್ನು ತಾನಾಗಿಯೇ ಬಾಗಿಲ ಪಕ್ಕದ ಗೋಡೆಗೆ ಅಂಟಿತು, ಬಲಗೈ ತಾನಾಗಿಯೇ ಮೇಲೆದ್ದಿತು. ಕೆಮ್ಮು ಕೂಡ ಬಂತು, ಎರಡು ಸಲ. ಹೆಂಡತಿ ನನ್ನನ್ನು ದಾಟಿ ಓಡಿದಳು.

ಕಟಕಟೆಯ ಸಂದಿಯಿಂದ ನನಗೆ ಕಂಡದ್ದು ಒಂದನೇ ಮಹಡಿಯ ತಿರುವು. ದರ್ಜಿಯ ಬಾಗಿಲೆದುರು ಅವರಿಬ್ಬರೂ ಸಂಧಿಸಿದರು. ಸಂಧಿಸಿದರು ಎನ್ನುವುದೂ ತಪ್ಪು. ಮಗಳು ಗೋಡೆಯ ಕಡೆ ಸರಿದಳು, ನಾಯಿ ಕಟಕಟೆಯ ಕಡೆ ಸರಿಯಿತು. ಇಕ್ಕಟ್ಟಿನಲ್ಲಿ ಅವಳ ಚೀಲ ಅದರ ಪಕ್ಕೆಗೆ ಸವರಿತು. ಇಬ್ಬರೂ ತಿರುಗಿ ನೋಡಲಿಲ್ಲ. ಬಸ್ ನಿಲ್ದಾಣದಲ್ಲಿ ದಿನಾ ಭೇಟಿಯಾಗುವ ಆಫೀಸಿನವರಂತೆ ತಮ್ಮ ತಮ್ಮ ಕೆಲಸಕ್ಕೆ ಹೋದರು. ಇಬ್ಬರಿಗೂ ಅರ್ಜೆಂಟ್.

ಮರುಕ್ಷಣ ಬಟಾಣಿ ನನ್ನ ಮುಂದಿನಿಂದ ಗಾಳಿಯಂತೆ ಹಾಯ್ದು ಹೊರಗಿನ ದೀಪದ ಕಂಬ ಸೇರಿತು. ಮೇಲಿನಿಂದ ಮಗಳ ಕೂಗು, "ಅಮ್ಮಾ, ಬೀಗಾ! ಬೀಗದ ಕೈ!" ಹೆಂಡತಿಯ ಚಪ್ಪಲಿ ಸದ್ದು ಇನ್ನೂ ಜೋರಾಯಿತು.

ಮೇಡಂ ಇಳಿದು ಬಂದರು. ಕನ್ನಡಕ ಮೂಗಿನ ತುದಿಯಲ್ಲಿತ್ತು. "ನೋಡಿ" ಎಂದು ಶುರುಮಾಡಿ, ನಿಲ್ಲಿಸಿ, ನನ್ನ ಮಣಿಕಟ್ಟಿನ ಪ್ಲಾಸ್ಟರ್ ಕಲೆ ನೋಡಿದರು. "ಬೆಳಿಗ್ಗೆನೇ ಗೊತ್ತಾಗಿತ್ತು ಅಲ್ವಾ ನಿಮಗೆ?"

ಸುಳ್ಳು ಹೇಳಬಹುದಿತ್ತು. "ಹೌದು" ಎಂದೆ.

"ಎಷ್ಟೊತ್ತಿಗೆ?"

"ಒಂಬತ್ತೂವರೆಗೆ."

ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತರು. "ನನ್ನದೂ ತಪ್ಪಿದೆ ಬಿಡಿ. ಮೊದಲನೇ ದಿನಾನೇ ತಿರುವಿನಲ್ಲಿ ನಿಂತು, ಹಗ್ಗ ಗಿಡ್ಡ ಹಿಡ್ಕೊಂಡು, ಹೋಗಿ ಅಂತ ನಿಮಗೆ ದಾರಿ ಬಿಟ್ಟಿದ್ರೆ ಈ ರೈಲೇ ಬೇಕಾಗಿರಲಿಲ್ಲ. ಏನೂ ಮಾಡಲ್ಲ ಏನೂ ಮಾಡಲ್ಲ ಅಂತ ಹೇಳೋದ್ರಲ್ಲೇ ಇದ್ದೆ. ಆದ್ರೆ ನೀವಾದ್ರೂ, ಒಂದು ಮಾತು ಮೊದಲೇ ಹೇಳಬಾರದಿತ್ತಾ? ಬರೀ ಕೆಮ್ಮಿದ್ರೆ ನನಗೇನು ಗೊತ್ತಾಗತ್ತೆ, ನೆಗಡಿ ಅಂದ್ಕೊಂಡಿದ್ದೆ."

ಮಾಸ್ಟರು ಕನ್ನಡಕ ಸಮೇತ ಹೊರಬಂದು ಹಾಳೆ ಬಿಡಿಸಿದರು. "ಒಂಬತ್ತನೇ ನಿಯಮದ ಪ್ರಕಾರ…" ಎಂದು ಸುತ್ತ ನೋಡಿದರು. "ಗಾಡಿ ಎಲ್ಲಿ?"

"ಎರಡೂ ಊರು ತಲುಪಿದ್ವು ತಾತ" ಎಂದಳು ಮಗಳು. ಮುಖದಲ್ಲಿ ಪರಮಶಾಂತಿ. ಒಂದೊಂದೇ ಮೆಟ್ಟಿಲು ಹಾರುತ್ತಾ ಇಳಿದು ಬಂದಿದ್ದಳು, ಕೈಯಲ್ಲಿ ಯಾವ ಉಂಗುರವೂ ಇರಲಿಲ್ಲ. "ಆಂಟಿ, ಬಟಾಣಿಗೂ ಆಯ್ತಾ?"

ಬಟಾಣಿಗೂ ಆಗಿತ್ತು. ಕಂಬ ಬಿಟ್ಟು ನಿಧಾನವಾಗಿ ಬಾಗಿಲವರೆಗೆ ಬಂತು, ಬಂದು ನಿಂತುಬಿಟ್ಟಿತು. ಒಳಗೆ ಬರಲೊಲ್ಲದು. ಮೇಡಂ ಕರೆದರು, ಕಿವಿ ಅಲ್ಲಾಡಿಸಿತು ಅಷ್ಟೆ. ಬಾಲ ಕಾಲಿನ ಮಧ್ಯೆ ಸೇರಿತ್ತು. ಅದರ ಕಣ್ಣು ಹೋದ ಕಡೆ ನಾನೂ ನೋಡಿದೆ: ಮೇಲೆತ್ತಿದ್ದ ನನ್ನ ಬಲಗೈ. ಅದನ್ನು ಇಳಿಸಲು ನಾನು ಮರೆತೇಬಿಟ್ಟಿದ್ದೆ.

"ಅವನಿಗೆ ನಿಮ್ಮನ್ನ ಕಂಡ್ರೆ ಮೊದಲಿಂದಲೂ ಹೀಗೇ" ಎಂದರು ಮೇಡಂ. ಬಾಯ್ತಪ್ಪಿ 'ನೋಡಿ' ಬಿಟ್ಟುಹೋಗಿತ್ತು. "ಎದುರಿಗೆ ಸಿಕ್ಕಾಗೆಲ್ಲ ಕೈ ಎತ್ತಿ ಕೂಗ್ತೀರಲ್ಲ, ಹೊಡೀತೀರೇನೋ ಅಂತ."

ನಾಲ್ಕು ತಿಂಗಳು. ಆ ಹಲ್ಲಿನ ರಾಶಿ ನಾಲ್ಕು ತಿಂಗಳಿಂದ ನನಗೆ ಹೆದರುತ್ತಿತ್ತೇ? ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೆಟ್ಟಿಲಿಳಿದು ಬಂದ ಹೆಂಡತಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ, ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ನಾನು ಕೈ ಇಳಿಸಿದೆ. ಬೆನ್ನು ಮಾತ್ರ ಗೋಡೆ ಬಿಡಲಿಲ್ಲ, ಅದಕ್ಕೆ ಇನ್ನಷ್ಟು ದಿನ ಬೇಕಾಗಬಹುದು.

ಮಗಳು ಬಾಗಿಲಿಗೆ ಹೋದಳು. ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, ಥೇಟ್ ಮೂರನೇ ಮಹಡಿಯ ದನಿಯಲ್ಲಿ ನಾಯಿಗೆ ಹೇಳಿದಳು:

"ನೋಡೀ, ಹೆದರ್ಕೋಬೇಡಿ. ನಮ್ಮಪ್ಪ ಏನೂ ಮಾಡಲ್ಲ."

ಬಟಾಣಿ ನನ್ನನ್ನೇ ನೋಡುತ್ತಾ, ಆ ಕಡೆಯ ಗೋಡೆಗೆ ಆದಷ್ಟೂ ಒತ್ತಿಕೊಂಡು, ಒಂದೊಂದೇ ಹೆಜ್ಜೆಯಿಡುತ್ತಾ ಒಳಗೆ ಬಂತು. ಮಗಳ ಮಾತು ಉಳಿಸಬೇಕಿತ್ತು. ಉಸಿರು ಬಿಗಿಹಿಡಿದು ನಿಂತೆ. ಕೆಮ್ಮಲಿಲ್ಲ, ಕೂಗಲಿಲ್ಲ, ಏನೂ ಮಾಡಲಿಲ್ಲ.